ಚಕಿ ಗೊಂಬೆಯ 25 ವರ್ಷ: ‘ಕರ್ಸ್ ಆಫ್ ಚಕಿ’ಯ ಹಿಂದಿನ ಚರಿತ್ರೆ

‘ಕರ್ಸ್ ಆಫ್ ಚಕಿ’ ಕೊಲೆಗಾರ ಗೊಂಬೆ ಚಕಿಯನ್ನು ಕುರಿತ ಅಮೆರಿಕದ ಭಯಾನಕ ಚಿತ್ರಸರಣಿಯ ಆರನೆಯ ಚಿತ್ರ. 2013ರ ಅಕ್ಟೋಬರ್‌ನಲ್ಲಿ ಅದು ಅಮೆರಿಕದ ಚಿತ್ರಮಂದಿರಗಳಿಗೆ ಹೋಗದೆ ನೇರವಾಗಿ ಡಿವಿಡಿ ಮತ್ತು ಬ್ಲೂ-ರೇ ಡಿಸ್ಕುಗಳಲ್ಲಿ ಹೊರಬಂತು. ಸರಣಿಯ ಮೊದಲ ಚಿತ್ರ ‘ಚೈಲ್ಡ್ಸ್ ಪ್ಲೇ’ ತೆರೆಕಂಡು ಆಗ 25 ವರ್ಷ ತುಂಬುತ್ತಿತ್ತು. ಐದನೆಯ ಭಾಗ ಬಂದು ಒಂಬತ್ತು ವರ್ಷ ಕಳೆದಿತ್ತು. ಇಷ್ಟು ತಡವಾಗಿ, ಸುಮಾರು 50 ಲಕ್ಷ ಡಾಲರಿನ ಸಣ್ಣ ಬಂಡವಾಳದಲ್ಲಿ ತಯಾರಾದ ಆರನೆಯ ಭಾಗದಿಂದ ಯಾರೂ ಹೆಚ್ಚಿನದನ್ನು ಬಯಸುವುದಿಲ್ಲ. ಆದರೂ ನಗೆಯ ಕಡೆಗೆ ವಾಲಿಹೋಗಿದ್ದ ಸರಣಿಯನ್ನು ಮತ್ತೆ ಭಯದ ದಾರಿಗೆ ತಂದದ್ದು ಇದೇ ಚಿತ್ರ. ಕಥೆ ಹುಟ್ಟಿಸಿದವರು, ಗೊಂಬೆಗೆ ದನಿ ಕೊಟ್ಟವರು ಕಾಲು ಶತಮಾನದ ನಂತರವೂ ಜೊತೆಗಿದ್ದರು. ಗೊಂಬೆಯನ್ನು ಕ್ಯಾಮೆರಾದ ಮುಂದೆ ನಿಜವಾಗಿ ನಿಲ್ಲಿಸಿ ಆಡಿಸುವ ಕಸುಬೂ ಉಳಿದಿತ್ತು. ಈ ಚಿತ್ರ ಸಾಧ್ಯವಾದದ್ದು ಆ ಕಾರಣದಿಂದ.

ಜೀವ ತಳೆಯುವ ಗೊಂಬೆಯ ಭಯ ಸಿನಿಮಾಕ್ಕೆ ಚಕಿಯಿಂದ ಬಂದದ್ದಲ್ಲ. 1945ರಲ್ಲಿ ಬ್ರಿಟನ್ನಿನ ಈಲಿಂಗ್ ಸ್ಟುಡಿಯೋ ತೆಗೆದ ‘ಡೆಡ್ ಆಫ್ ನೈಟ್’ ಚಿತ್ರದ ಒಂದು ಭಾಗದಲ್ಲಿ ಮಾತಾಡುವ ಗೊಂಬೆಯ ಆಟಗಾರನೊಬ್ಬ ತನ್ನ ಗೊಂಬೆ ಹ್ಯೂಗೊನ ಹಿಡಿತಕ್ಕೆ ಸಿಕ್ಕಿಬೀಳುತ್ತಾನೆ. ಮೈಕೆಲ್ ರೆಡ್‌ಗ್ರೇವ್ ಆ ಪಾತ್ರ ಮಾಡಿದ್ದರು. ಗೊಂಬೆಗೆ ನಿಜಕ್ಕೂ ಜೀವವಿದೆಯೋ, ಮನುಷ್ಯನಿಗೆ ಬುದ್ಧಿ ಕೆಟ್ಟಿದೆಯೋ ಎಂಬುದನ್ನು ಆ ಚಿತ್ರ ಬಿಡಿಸಿ ಹೇಳುವುದಿಲ್ಲ. 1978ರ ‘ಮ್ಯಾಜಿಕ್’ ಚಿತ್ರದಲ್ಲಿ ಆಂಥೊನಿ ಹಾಪ್ಕಿನ್ಸ್ ಅಭಿನಯಿಸಿದ ಪಾತ್ರವೂ ಇದೇ ಜಾಡಿನದು. ಇವೆರಡರಲ್ಲೂ ಗೊಂಬೆ ದೊಡ್ಡವರ ಕೈಯಲ್ಲಿದೆ, ರಂಗದ ಮೇಲಿದೆ.

ಮಕ್ಕಳ ಆಟಿಕೆಯೇ ಕೊಲೆಗಾರನಾಗುವ ಕಥೆಗೆ ದಾರಿ ತೆರೆದದ್ದು ಟಿವಿ. 1963ರ ನವೆಂಬರ್‌ನಲ್ಲಿ ‘ದಿ ಟ್ವೈಲೈಟ್ ಝೋನ್’ ಸರಣಿಯಲ್ಲಿ ಪ್ರಸಾರವಾದ ‘ಲಿವಿಂಗ್ ಡಾಲ್’ ಕಂತಿನಲ್ಲಿ ಟಾಕಿ ಟೀನಾ ಎಂಬ ಮಾತಾಡುವ ಗೊಂಬೆ ಮನೆಯ ಮಲತಂದೆಯನ್ನು ಮೆಲುದನಿಯಲ್ಲೇ ಬೆದರಿಸುತ್ತದೆ. ಆಗಿನ ಅಮೆರಿಕದ ಮನೆಗಳಲ್ಲಿ ಮ್ಯಾಟೆಲ್ ಕಂಪನಿಯ ಚಾಟಿ ಕ್ಯಾಥಿ ಎಂಬ ಗೊಂಬೆ ಬಹಳ ಜನಪ್ರಿಯವಾಗಿತ್ತು. ಬೆನ್ನಿನ ದಾರ ಎಳೆದರೆ ಅದು ಮಾತಾಡುತ್ತಿತ್ತು. ಆ ಆಟಿಕೆಗೆ ದನಿ ಕೊಟ್ಟ ಜೂನ್ ಫೋರೆ ಅವರೇ ಟೀನಾಗೂ ದನಿ ಕೊಟ್ಟರು. ಮನೆಯಲ್ಲಿ ಮಗು ಕೇಳುತ್ತಿದ್ದ ಪರಿಚಿತ ದನಿಯೇ ಟಿವಿಯಲ್ಲಿ ಸಾವಿನ ಮಾತಾಡಿತು. 1975ರ ‘ಟ್ರಿಲಜಿ ಆಫ್ ಟೆರರ್’ ಟಿವಿ ಚಿತ್ರದ ಕೊನೆಯ ಭಾಗದಲ್ಲಿ ಒಂದು ಪುಟ್ಟ ಗೊಂಬೆ ಒಂಟಿ ಹೆಣ್ಣೊಬ್ಬಳನ್ನು ಮನೆಯ ತುಂಬ ಅಟ್ಟಿಸಿಕೊಂಡು ಓಡುತ್ತದೆ. ಸೋಫಾದ ಕೆಳಗಿನಿಂದ, ಬಾಗಿಲ ಸಂದಿಯಿಂದ, ನೆಲದ ಮಟ್ಟದಿಂದ ಬರುವ ಅಪಾಯವನ್ನು ಚಿತ್ರಿಸುವ ರೀತಿ ಅಲ್ಲಿ ರೂಪುಗೊಂಡಿತು. ಮುಂದೆ ಈ ಬಗೆಯ ಚಿತ್ರ ತೆಗೆದವರೆಲ್ಲ ಕ್ಯಾಮೆರಾವನ್ನು ನೆಲಕ್ಕೆ ಇಳಿಸುವುದನ್ನು ಕಲಿತರು.

ಚಕಿ ಹುಟ್ಟಿದ್ದು 1980ರ ದಶಕದ ಆಟಿಕೆ ವ್ಯಾಪಾರದ ನಡುವೆ. 1983ರ ಕ್ರಿಸ್‌ಮಸ್ ಹೊತ್ತಿಗೆ ಕ್ಯಾಬೇಜ್ ಪ್ಯಾಚ್ ಗೊಂಬೆಗಳಿಗಾಗಿ ಅಮೆರಿಕದ ಅಂಗಡಿಗಳಲ್ಲಿ ತಂದೆತಾಯಿಗಳು ಒಬ್ಬರನ್ನೊಬ್ಬರು ತಳ್ಳಾಡಿ ಜಗಳವಾಡಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಸಿನಿಮಾ ಓದುತ್ತಿದ್ದ ಡಾನ್ ಮ್ಯಾನ್ಸಿನಿ ಇದನ್ನು ಗಮನಿಸಿದರು. ಅವರ ತಂದೆ ಜಾಹೀರಾತು ಉದ್ಯಮದಲ್ಲಿದ್ದವರು. ಮಕ್ಕಳ ಮನಸ್ಸಿಗೆ ವಸ್ತುಗಳನ್ನು ಹೇಗೆ ಮಾರಲಾಗುತ್ತದೆ ಎಂಬುದು ಮಗನಿಗೆ ಮನೆಯಲ್ಲೇ ಗೊತ್ತಿತ್ತು. ಅವರು ಬರೆದ ಮೊದಲ ಕರಡಿಗೆ ‘ಬ್ಯಾಟರೀಸ್ ನಾಟ್ ಇನ್‌ಕ್ಲೂಡೆಡ್’ ಎಂದೂ ಆಮೇಲೆ ‘ಬ್ಲಡ್ ಬಡ್ಡಿ’ ಎಂದೂ ಹೆಸರಿತ್ತು. ಆ ಕರಡಿನಲ್ಲಿ ಹಂತಕನ ಆತ್ಮವಿರಲಿಲ್ಲ, ಮಂತ್ರತಂತ್ರ ಇರಲಿಲ್ಲ. ಗೀಚಿದರೆ ರಕ್ತದಂಥ ದ್ರವ ಒಸರುವ ಗೊಂಬೆ. ತಂದೆಯಿಲ್ಲದ ಒಂಟಿ ಹುಡುಗ ಗೆಳೆತನದ ಗುರುತಿಗೆ ತನ್ನ ರಕ್ತವನ್ನು ಅದರ ರಕ್ತದೊಂದಿಗೆ ಬೆರೆಸುತ್ತಾನೆ. ಅವನು ಮಲಗಿದಾಗ ಅವನ ಒಳಗಿನ ಸಿಟ್ಟು ಗೊಂಬೆಯ ರೂಪದಲ್ಲಿ ಎದ್ದು ಹೋಗಿ ಕೊಲ್ಲುತ್ತದೆ. ತಯಾರಾದ ಚಿತ್ರಕ್ಕಿಂತ ಈ ಕಲ್ಪನೆ ಆಳವಾದದ್ದು ಎಂದು ಹೇಳಲೇಬೇಕು.

ನಿರ್ಮಾಪಕ ಡೇವಿಡ್ ಕರ್ಶ್ನರ್ ಚಿತ್ರಕಥೆಯನ್ನು ಕೊಂಡ ಮೇಲೆ ಜಾನ್ ಲಾಫಿಯಾ ಮತ್ತು ನಿರ್ದೇಶಕ ಟಾಮ್ ಹಾಲಂಡ್ ಅದನ್ನು ಬದಲಿಸಿ ಬರೆದರು. ಚಾರ್ಲ್ಸ್ ಲೀ ರೇ ಎಂಬ ಸರಣಿ ಹಂತಕ, ಪೊಲೀಸ್ ಗುಂಡಿಗೆ ಸಾಯುವ ಮುಂಚೆ ಆಟಿಕೆ ಅಂಗಡಿಯೊಂದರಲ್ಲಿ ಮಂತ್ರ ಹೇಳಿ ತನ್ನ ಆತ್ಮವನ್ನು ‘ಗುಡ್ ಗೈ’ ಗೊಂಬೆಗೆ ದಾಟಿಸುತ್ತಾನೆ ಎಂಬ ಕಥೆ ಆಗ ಸೇರಿತು. ಹಂತಕನ ಹೆಸರನ್ನು ಚಾರ್ಲ್ಸ್ ಮ್ಯಾನ್ಸನ್, ಲೀ ಹಾರ್ವೆ ಓಸ್ವಾಲ್ಡ್, ಜೇಮ್ಸ್ ಅರ್ಲ್ ರೇ ಎಂಬ, ಕೊಲೆ ಪ್ರಕರಣಗಳಲ್ಲಿ ಕುಖ್ಯಾತರಾದ ಮೂವರ ಹೆಸರುಗಳಿಂದ ಕೂಡಿಸಲಾಗಿತ್ತು. ಗೊಂಬೆಯ ಮೊದಲ ರೇಖಾಚಿತ್ರ ಬರೆದದ್ದು ಕರ್ಶ್ನರ್: ಕೆಂಪು ಕೂದಲು, ನೀಲಿ ಕಣ್ಣು, ಮುಖದ ಮೇಲೆ ಕಂದು ಚುಕ್ಕೆಗಳು, ಬಣ್ಣದ ಪಟ್ಟೆಗಳ ಉಣ್ಣೆಯಂಗಿ, ಮೇಲೆ ನೀಲಿ ಡೆನಿಮ್ ಓವರಾಲ್, ಕೆಂಪು ಬೂಟು. ಅಂಗಡಿಯ ಕಪಾಟಿನಲ್ಲಿ ಕಂಡರೆ ಯಾವ ತಾಯಿಯೂ ಅನುಮಾನಿಸದಂಥ ಮುಖ ಅದು.

ಆ ರೇಖಾಚಿತ್ರಕ್ಕೆ ಮೈ ಕೊಟ್ಟವರು ಕೆವಿನ್ ಯೇಗರ್. ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಸರಣಿಯ ಎರಡು ಮತ್ತು ಮೂರನೆಯ ಭಾಗಗಳಲ್ಲಿ ಫ್ರೆಡ್ಡಿ ಕ್ರೂಗರ್‌ನ ಸುಟ್ಟ ಮುಖ ರೂಪಿಸಿದ್ದವರು ಅವರೇ. ಚಕಿಯ ಚರ್ಮ ನೊರೆಯಂತೆ ಮೃದುವಾದ ರಬ್ಬರಿನದು. ಅದರೊಳಗೆ ಪುಟ್ಟ ಮೋಟಾರುಗಳು, ತಂತಿಗಳು. ಹುಬ್ಬು, ರೆಪ್ಪೆ, ತುಟಿಗಳನ್ನು ರಿಮೋಟ್ ಹಿಡಿದ ಬೇರೆ ಬೇರೆ ಜನ ಕದಲಿಸುತ್ತಿದ್ದರು. ಒಂದು ಸಾಲು ಮಾತಿಗೆ, ಒಂದು ಕೆಟ್ಟ ನಗೆಗೆ, ಐದಾರು ಜನರ ಬೆರಳುಗಳು ಒಂದೇ ತಾಳದಲ್ಲಿ ಆಡಬೇಕು. ಒಬ್ಬ ಅರೆಕ್ಷಣ ಹಿಂದೆ ಬಿದ್ದರೂ ಮುಖ ಸತ್ತುಹೋಗುತ್ತದೆ. ಸೆಟ್ಟುಗಳನ್ನು ನೆಲದಿಂದ ಎತ್ತರದಲ್ಲಿ ಕಟ್ಟಿ, ಹಲಗೆಗಳ ಕೆಳಗೆ ಗೊಂಬೆಯಾಡಿಸುವವರು ಅಡಗಿ ಕೂರುತ್ತಿದ್ದರು. ಗೊಂಬೆ ನಡೆಯುವ, ಓಡುವ ಕೆಲವು ದೃಶ್ಯಗಳಿಗೆ ಮೂರೂವರೆ ಅಡಿಗಿಂತ ಕಡಿಮೆ ಎತ್ತರದ ನಟರೊಬ್ಬರು ಚಕಿಯ ವೇಷ ಹಾಕುತ್ತಿದ್ದರು. ಅವರು ಇನ್ನೂ ಚಿಕ್ಕದಾಗಿ ಕಾಣಲೆಂದು ಆ ದೃಶ್ಯಗಳ ಪೀಠೋಪಕರಣ, ಬಾಗಿಲುಗಳನ್ನು ಸುಮಾರು ಶೇ. 30ರಷ್ಟು ದೊಡ್ಡದಾಗಿ ಮಾಡಿಸಲಾಗಿತ್ತು. ಒಂದೇ ಗೊಂಬೆಯಿಂದ ಚಿತ್ರ ಮುಗಿಯುವಂತಿರಲಿಲ್ಲ. ಬೇರೆ ಬೇರೆ ಭಾವಗಳ ತಲೆಗಳು ಬೇಕಿದ್ದವು; ಕಥೆ ಸಾಗಿದಂತೆ ಗೊಂಬೆಯ ಹಣೆಗೂದಲು ಹಿಂದೆ ಸರಿದು, ಮುಖ ಗಡುಸಾಗಿ, ಮೆಲ್ಲನೆ ಚಾರ್ಲ್ಸ್ ಲೀ ರೇಯ ಮುಖವನ್ನೇ ಹೋಲತೊಡಗುತ್ತದೆ. ಅವಸರದಲ್ಲಿ ನೋಡುವವರಿಗೆ ಈ ಬದಲಾವಣೆ ಗೊತ್ತಾಗುವುದೇ ಇಲ್ಲ.

ದನಿಯ ವಿಷಯದಲ್ಲಿ ಮೊದಲು ಎಡವಟ್ಟಾಗಿತ್ತು. ಜೆಸಿಕಾ ವಾಲ್ಟರ್ ಎಂಬ ನಟಿಯ ದನಿಯನ್ನು ಗೊಂಬೆಗೆ ಹೊಂದಿಸಿ ನೋಡಲಾಗಿತ್ತು. ಬಿಡುಗಡೆಗೆ ಮುಂಚಿನ ಪರೀಕ್ಷಾ ಪ್ರದರ್ಶನದಲ್ಲಿ ಅದು ಪ್ರೇಕ್ಷಕರಿಗೆ ಹಿಡಿಸಲಿಲ್ಲ. ಆಗ ಚಾರ್ಲ್ಸ್ ಲೀ ರೇಯ ಪಾತ್ರ ಮಾಡಿದ್ದ ಬ್ರ್ಯಾಡ್ ಡೂರಿಫ್ ಅವರಿಂದಲೇ ಗೊಂಬೆಯ ಮಾತುಗಳನ್ನೂ ಹೇಳಿಸಲಾಯಿತು. 1975ರ ‘ಒನ್ ಫ್ಲೂ ಓವರ್ ದಿ ಕುಕೂಸ್ ನೆಸ್ಟ್’ ಚಿತ್ರದ ಬಿಲ್ಲಿ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಪಡೆದಿದ್ದ ನಟ ಡೂರಿಫ್. ಅವರ ದನಿಯಲ್ಲಿ ಸಿಟ್ಟು, ಆತುರ, ಬೀದಿಯ ಒರಟುತನ ಎಲ್ಲವೂ ಇದ್ದವು. ಮುಂದಿನ ಎಲ್ಲ ಭಾಗಗಳಲ್ಲೂ ಚಿತ್ರೀಕರಣಕ್ಕೆ ಮುಂಚೆಯೇ ಅವರ ಮಾತುಗಳನ್ನು ಮುದ್ರಿಸಿಕೊಂಡು, ಸೆಟ್ಟಿನಲ್ಲಿ ಅದನ್ನು ಹಾಕಿ, ಅದಕ್ಕೆ ತಕ್ಕಂತೆ ಗೊಂಬೆಯ ತುಟಿ ಆಡಿಸುವುದು ರೂಢಿಯಾಯಿತು.

1988ರ ನವೆಂಬರ್ 9ರಂದು ‘ಚೈಲ್ಡ್ಸ್ ಪ್ಲೇ’ ಬಿಡುಗಡೆಯಾಯಿತು. ಕಥೆ ನಡೆಯುವುದು ಶಿಕಾಗೋದಲ್ಲಿ. ವಿಧವೆ ತಾಯಿ ಕ್ಯಾರೆನ್ ತನ್ನ ಆರು ವರ್ಷದ ಮಗ ಆಂಡಿಯ ಹುಟ್ಟುಹಬ್ಬಕ್ಕೆ ಬೀದಿ ವ್ಯಾಪಾರಿಯೊಬ್ಬನಿಂದ ಕಡಿಮೆ ಬೆಲೆಗೆ ಗೊಂಬೆ ತರುತ್ತಾಳೆ. ಚಿತ್ರದ ಅರ್ಧ ಭಾಗದವರೆಗೆ ಗೊಂಬೆ ಬಹುಪಾಲು ಸುಮ್ಮನೆ ಕೂತಿರುತ್ತದೆ. ಗೊಂಬೆ ಮಾತಾಡುತ್ತದೆ ಎಂಬ ಹುಡುಗನ ಮಾತನ್ನು ಯಾರೂ ನಂಬುವುದಿಲ್ಲ. ಆಮೇಲೆ ಒಂದು ರಾತ್ರಿ ಕ್ಯಾರೆನ್ ಗೊಂಬೆಯ ಖಾಲಿ ಪೆಟ್ಟಿಗೆಯನ್ನು ಕೈಗೆತ್ತಿಕೊಂಡಾಗ ಅದರೊಳಗಿಂದ ಬ್ಯಾಟರಿಗಳು ಟಪ್ ಎಂದು ನೆಲಕ್ಕೆ ಬೀಳುತ್ತವೆ. ಬ್ಯಾಟರಿ ಪೆಟ್ಟಿಗೆಯಲ್ಲೇ ಉಳಿದಿದ್ದರೆ ಇಷ್ಟು ದಿನ ಗೊಂಬೆ ಮಾತಾಡಿದ್ದು ಹೇಗೆ? ಅವಳು ಮೆಲ್ಲನೆ ಗೊಂಬೆಯ ಹತ್ತಿರ ಹೋಗಿ, ಅದನ್ನು ಮಗುಚಿ, ಅಂಗಿ ಎತ್ತಿ, ಬೆನ್ನಿನ ಮುಚ್ಚಳ ತೆಗೆದು ನೋಡುತ್ತಾಳೆ, ಗೂಡು ಖಾಲಿ. ಆ ಕ್ಷಣದಲ್ಲಿ ಗೊಂಬೆಯ ತಲೆ ಗರಕ್ಕನೆ ಹಿಂದಕ್ಕೆ ತಿರುಗುತ್ತದೆ. ಇಡೀ ಸರಣಿಯಲ್ಲಿ ಇದಕ್ಕಿಂತ ಚೆನ್ನಾಗಿ ಕಟ್ಟಿದ ದೃಶ್ಯ ಇನ್ನೊಂದಿಲ್ಲ. ಸುಮಾರು 90 ಲಕ್ಷ ಡಾಲರಿನಲ್ಲಿ ತಯಾರಾದ ಚಿತ್ರ ಜಗತ್ತಿನಾದ್ಯಂತ 4.4 ಕೋಟಿ ಡಾಲರಿನಷ್ಟು ಗಳಿಸಿತು.

ಮೊದಲ ಚಿತ್ರದ ಹಕ್ಕು ಎಂಜಿಎಂ ಬಳಗದಲ್ಲೇ ಉಳಿದು, ಮುಂದಿನ ಭಾಗಗಳು ಯೂನಿವರ್ಸಲ್ ಕಂಪನಿಗೆ ಹೋದವು. ಆಗ ಸಣ್ಣ ವ್ಯವಹಾರವೆನಿಸಿದ್ದ ಈ ಹಂಚಿಕೆ ಮೂರು ದಶಕದ ನಂತರ ಎರಡು ಚಕಿಗಳನ್ನು ಹುಟ್ಟಿಸಿತು. ಲಾಫಿಯಾ ನಿರ್ದೇಶಿಸಿದ ಎರಡನೆಯ ಭಾಗ 1990ರ ನವೆಂಬರ್‌ನಲ್ಲಿ ಬಂತು. ಗೊಂಬೆ ಕಾರ್ಖಾನೆಯಲ್ಲಿ, ಸಾಲುಸಾಲು ಪೆಟ್ಟಿಗೆಗಳ ನಡುವೆ ನಡೆಯುವ ಅದರ ಕೊನೆಯ ಹೋರಾಟ ಇಂದಿಗೂ ನೋಡುವಂತಿದೆ. ಮೂರನೆಯದು ಒಂಬತ್ತು ತಿಂಗಳೊಳಗೆ, 1991ರ ಆಗಸ್ಟ್‌ನಲ್ಲಿ ಅವಸರವಾಗಿ ಬಂದು, ಸೈನಿಕ ಶಾಲೆಯ ಹಿನ್ನೆಲೆಯಲ್ಲಿ ಹಳೆಯದನ್ನೇ ಹೇಳಿತು. ಗಳಿಕೆ ಕುಸಿಯಿತು.

ಆಮೇಲೆ ಬ್ರಿಟನ್ನಿನಲ್ಲಿ ಅದರ ಹೆಸರು ಒಂದು ದುರಂತಕ್ಕೆ ಅಂಟಿಕೊಂಡಿತು. 1993ರಲ್ಲಿ ಲಿವರ್‌ಪೂಲ್ ಬಳಿ ಎರಡು ವರ್ಷದ ಮಗುವೊಂದನ್ನು ಹತ್ತು ವರ್ಷದ ಇಬ್ಬರು ಹುಡುಗರು ಕೊಂದರು. ಹಿಂಸೆಯ ವಿಡಿಯೋಗಳು ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣವಾಗಿರಬಹುದು ಎಂದು ವಿಚಾರಣೆ ನಡೆಸಿದ ನ್ಯಾಯಾಧೀಶರು ಹೇಳಿದ್ದೇ ತಡ, ಪತ್ರಿಕೆಗಳು ‘ಚೈಲ್ಡ್ಸ್ ಪ್ಲೇ 3’ರ ಮೇಲೆ ಮುಗಿಬಿದ್ದವು. ಆ ಹುಡುಗರು ಚಿತ್ರವನ್ನು ನೋಡಿದ್ದರು ಎಂಬುದಕ್ಕೆ ಪೊಲೀಸರಿಗೆ ಯಾವ ಪುರಾವೆಯೂ ಸಿಗಲಿಲ್ಲ. ಆದರೂ ಕೂಗು ನಿಲ್ಲಲಿಲ್ಲ. 1994ರಲ್ಲಿ ವಿಡಿಯೋಗಳ ಪ್ರಮಾಣೀಕರಣದ ಕಾನೂನು ಅಲ್ಲಿ ಇನ್ನಷ್ಟು ಬಿಗಿಯಾಯಿತು. ಒಂದು ಮಗುವಿನ ಸಾವಿನ ದುಃಖಕ್ಕೆ ಉತ್ತರ ಹುಡುಕುತ್ತಿದ್ದ ಸಮಾಜ ಕೈಗೆ ಸುಲಭವಾಗಿ ಸಿಕ್ಕ ಗೊಂಬೆಯೊಂದನ್ನು ಹಿಡಿದು ಶಿಕ್ಷಿಸಿತು ಎಂದೇ ಇದನ್ನು ಅರ್ಥಮಾಡಿಕೊಳ್ಳಬೇಕಾಗುತ್ತದೆ. ಇದೇ ದಶಕದಲ್ಲಿ ಚಕಿಯ ಕಥೆ ಭಾರತಕ್ಕೂ ದಾಟಿತು: ಕರಿಷ್ಮಾ ಕಪೂರ್ ಅಭಿನಯದ ಹಿಂದಿ ಚಿತ್ರ ‘ಪಾಪಿ ಗುಡಿಯಾ’ 1996ರಲ್ಲಿ ಬಂದದ್ದು ‘ಚೈಲ್ಡ್ಸ್ ಪ್ಲೇ’ಯ ಜಾಡಿನಲ್ಲೇ.

ಏಳು ವರ್ಷದ ಬಿಡುವಿನ ನಂತರ, 1998ರಲ್ಲಿ, ಹಾಂಗ್‌ಕಾಂಗ್‌ನ ನಿರ್ದೇಶಕ ರಾನಿ ಯು ಅವರ ‘ಬ್ರೈಡ್ ಆಫ್ ಚಕಿ’ ಬಂತು. ಹಿಂದಿನ ಚಿತ್ರದಲ್ಲಿ ತುಂಡುತುಂಡಾಗಿದ್ದ ಗೊಂಬೆಯನ್ನು ಟಿಫನಿ ಎಂಬ ಹಳೆಯ ಪ್ರೇಯಸಿ ಸೂಜಿದಾರದಿಂದ ಹೊಲಿದು ಜೋಡಿಸುತ್ತಾಳೆ. ಅಂದಿನಿಂದ ಚಕಿಯ ಮುಖದ ತುಂಬ ಹೊಲಿಗೆಯ ಗಾಯಗಳು. ಜೆನಿಫರ್ ಟಿಲ್ಲಿ ಟಿಫನಿಯಾಗಿ ಬಂದು, ಆಮೇಲೆ ಗೊಂಬೆಯಾಗಿಯೂ ದನಿ ಕೊಟ್ಟು, ಸರಣಿಗೆ ಹೊಸ ಹುರುಪು ತಂದರು. ಭಯದ ಜಾಗಕ್ಕೆ ಕಟುವಾದ ಹಾಸ್ಯ ಬಂತು. ಜಗತ್ತಿನಾದ್ಯಂತ 5 ಕೋಟಿ ಡಾಲರ್ ಗಳಿಕೆಯಾಗಿ, ಸರಣಿಯಲ್ಲೇ ಅತಿ ಹೆಚ್ಚು ದುಡಿದ ಚಿತ್ರವೂ ಆಯಿತು. ಅದೇ ಹಾದಿಯನ್ನು ಇನ್ನೂ ಮುಂದಕ್ಕೆ ಎಳೆದದ್ದು 2004ರ ‘ಸೀಡ್ ಆಫ್ ಚಕಿ’. ರೊಮೇನಿಯಾದಲ್ಲಿ ಚಿತ್ರೀಕರಣವಾದ ಇದು ಮ್ಯಾನ್ಸಿನಿ ನಿರ್ದೇಶಿಸಿದ ಮೊದಲ ಚಿತ್ರ. ಚಕಿ–ಟಿಫನಿಯರ ಮಗು, ಹಾಲಿವುಡ್ಡಿನ ಒಳಗಿನ ವಿಡಂಬನೆ, ತನ್ನದೇ ಹೆಸರಿನಲ್ಲಿ ನಟಿಸುವ ಜೆನಿಫರ್ ಟಿಲ್ಲಿ, ಹೀಗೆ ಕಥೆ ಎಲ್ಲೆಲ್ಲಿಗೋ ಹೋಯಿತು. ಗೊಂಬೆಯ ಹೊಣೆ ಈ ಚಿತ್ರದಿಂದ ಟೋನಿ ಗಾರ್ಡ್ನರ್ ಅವರ ಆಲ್ಟೀರಿಯನ್ ಸಂಸ್ಥೆಗೆ ಬಂತು. ಗಾರ್ಡ್ನರ್ ಆ ಚಿತ್ರದಲ್ಲಿ ತಮ್ಮ ಪಾತ್ರವನ್ನೇ ಮಾಡಿ, ತಾವು ಕಟ್ಟಿದ ಗೊಂಬೆಗಳ ಕೈಯಲ್ಲೇ ಸಾಯುತ್ತಾರೆ. ಅಭಿಮಾನಿಗಳಲ್ಲಿ ಕೆಲವರಿಗೆ ‘ಸೀಡ್’ ಇಂದಿಗೂ ಪ್ರಿಯ. ಆದರೆ ಬಹುಪಾಲು ಪ್ರೇಕ್ಷಕರು ದೂರ ಸರಿದರು. ಗಳಿಕೆ ‘ಬ್ರೈಡ್’ನ ಸುಮಾರು ಅರ್ಧಕ್ಕೆ ಇಳಿಯಿತು. ಚಕಿಯನ್ನು ಕಂಡು ಹೆದರುವವರು ಯಾರೂ ಉಳಿದಿರಲಿಲ್ಲ.

ಚಿತ್ರಮಂದಿರದ ಬಾಗಿಲು ಹೀಗೆ ಮುಚ್ಚಿದ ಮೇಲೆ ತೆರೆದದ್ದು ಡಿಸ್ಕಿನ ಬಾಗಿಲು. ವಿಡಿಯೋ ಅಂಗಡಿಗಳ ಕಾಲದಿಂದಲೂ ಹಾಲಿವುಡ್ ಕಂಪನಿಗಳು ಹೆಸರಾಂತ ಚಿತ್ರಗಳ ಮುಂದಿನ ಭಾಗಗಳನ್ನು ಅಗ್ಗದಲ್ಲಿ ತಯಾರಿಸಿ ನೇರವಾಗಿ ಮನೆಗಳಿಗೆ ಮಾರುತ್ತಿದ್ದವು. ಜಾಹೀರಾತಿನ ಖರ್ಚಿಲ್ಲ, ಥಿಯೇಟರ್ ಬಾಡಿಗೆಯಿಲ್ಲ. ಹೆಸರು ಗೊತ್ತಿದ್ದರೆ ಸಾಕು, ಡಿಸ್ಕು ಖರ್ಚಾಗುತ್ತಿತ್ತು. ಇಂಥ ಚಿತ್ರಗಳಿಗೆಂದೇ ಯೂನಿವರ್ಸಲ್ ಇಟ್ಟುಕೊಂಡಿದ್ದ ವಿಭಾಗ ಯೂನಿವರ್ಸಲ್ 1440. ‘ಕರ್ಸ್ ಆಫ್ ಚಕಿ’ ಅದರ ಅಡಿಯಲ್ಲಿ, 2012ರಲ್ಲಿ, ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ವಿನ್ನಿಪೆಗ್ ನಗರದಲ್ಲಿ ಚಿತ್ರೀಕರಣವಾಯಿತು. ಸಿನಿಮಾ ತಯಾರಕರಿಗೆ ಆ ಪ್ರಾಂತ್ಯ ಕೊಡುವ ತೆರಿಗೆ ರಿಯಾಯಿತಿ ದೊಡ್ಡದು. ಕಡಿಮೆ ಬಂಡವಾಳದವರಿಗೆ ಅದೇ ಆಸರೆ.

ಬರೆದು ನಿರ್ದೇಶಿಸಿದವರು ಮ್ಯಾನ್ಸಿನಿ. ದುಡ್ಡಿನ ಕೊರತೆಯನ್ನೇ ಅವರು ಕಥೆಯ ಕಟ್ಟಡವನ್ನಾಗಿ ಮಾಡಿಕೊಂಡರು. ಊರಾಚೆ ಒಂದು ಹಳೆಯ ದೊಡ್ಡ ಮನೆ, ಒಂದು ಮಳೆಯ ರಾತ್ರಿ, ಏಳೆಂಟು ಪಾತ್ರಗಳು, ಒಂದು ಗೊಂಬೆ. ಹುಟ್ಟಿದಾಗಿನಿಂದ ಕಾಲಿನ ಬಲವಿಲ್ಲದ ನೀಕಾ ಪಿಯರ್ಸ್ ಗಾಲಿಕುರ್ಚಿಯಲ್ಲಿ ಓಡಾಡುತ್ತ ತಾಯಿಯೊಡನೆ ವಾಸಿಸುತ್ತಾಳೆ. ಯಾರೂ ತರಿಸಿರದ ಒಂದು ಪಾರ್ಸಲ್ ಮನೆಗೆ ಬರುತ್ತದೆ. ಒಳಗೆ ಗುಡ್ ಗೈ ಗೊಂಬೆ. ಆ ರಾತ್ರಿಯೇ ತಾಯಿ ಸಾಯುತ್ತಾಳೆ. ಸಾವಿಗೆ ಬರುವ ಅಕ್ಕ ಬಾರ್ಬ್, ಅವಳ ಗಂಡ ಇಯಾನ್, ಪುಟ್ಟ ಮಗಳು ಆಲಿಸ್, ಆಲಿಸ್‌ಳನ್ನು ನೋಡಿಕೊಳ್ಳುವ ಜಿಲ್, ಜೊತೆಗೆ ಒಬ್ಬ ಪಾದ್ರಿ. ಅಕ್ಕನ ಕಣ್ಣು ಮನೆಯ ಮೇಲೆ. ಮಾರಿ ತಂಗಿಯನ್ನು ಎಲ್ಲಾದರೂ ಆಶ್ರಮಕ್ಕೆ ಸೇರಿಸುವ ಆಸೆ. ಗೊಂಬೆ ಇರಲಿ ಬಿಡಲಿ, ಈ ಮನೆಯ ಒಳಗೆ ಸಾಕಷ್ಟು ವಿಷವಿದೆ.

ಚಿತ್ರದ ಮೊದಲರ್ಧದಲ್ಲಿ ಚಕಿ 1988ರ ಚಿತ್ರದಲ್ಲಿದ್ದಂತೆಯೇ ಬಹುಪಾಲು ಸುಮ್ಮನಿರುತ್ತದೆ. ಅದರ ನಾಲಿಗೆಯ ಚುರುಕಿಗೇ ಎರಡು ಚಿತ್ರಗಳಲ್ಲಿ ಒಗ್ಗಿಹೋಗಿದ್ದ ಪ್ರೇಕ್ಷಕರಿಗೆ ಈ ಮೌನವೇ ಹೊಸದು. ಊಟದ ದೃಶ್ಯವನ್ನೇ ನೋಡಬಹುದು. ನೀಕಾ ಎಲ್ಲರಿಗೂ ಚಿಲ್ಲಿ ಎಂಬ ಹುರುಳಿಕಾಯಿ ಬೀಜದ ಸಾರು ಮಾಡಿ ಬಟ್ಟಲುಗಳಿಗೆ ಬಡಿಸಿಟ್ಟಿದ್ದಾಳೆ. ಅವಳು ಅತ್ತ ತಿರುಗಿದ ಹೊತ್ತಿನಲ್ಲಿ ಒಂದು ಬಟ್ಟಲಿಗೆ ಇಲಿ ಪಾಷಾಣ ಬೀಳುತ್ತದೆ. ಆಮೇಲೆ ಕ್ಯಾಮೆರಾ ಮೇಜಿನ ನೇರ ಮೇಲಿನಿಂದ ಎಲ್ಲ ಬಟ್ಟಲುಗಳನ್ನೂ ಒಟ್ಟಿಗೆ ತೋರಿಸುತ್ತದೆ. ಕೂತವರು ಮಾತಾಡುತ್ತ, ಕುಟುಕುತ್ತ, ಚಮಚ ಎತ್ತುತ್ತ, ಇಳಿಸುತ್ತ ಹೋಗುತ್ತಾರೆ. ವಿಷ ಯಾರ ಬಟ್ಟಲಲ್ಲಿದೆ ಎಂಬುದು ನೋಡುವವರಿಗೆ ಗೊತ್ತಿಲ್ಲ, ಮಗುವೂ ತಿನ್ನುತ್ತಿದೆ. ಗೊಂಬೆ ಒಂದು ಮಾತೂ ಆಡುವುದಿಲ್ಲ, ಬೆರಳೂ ಕದಲಿಸುವುದಿಲ್ಲ. ಒಂದು ಮೇಜು, ಕೆಲವು ಬಟ್ಟಲುಗಳಲ್ಲಿ ಇಷ್ಟು ಕಾತರ ಹುಟ್ಟಿಸಿದ್ದು ಮ್ಯಾನ್ಸಿನಿ ನಿರ್ದೇಶಕರಾಗಿ ಎಷ್ಟು ಬೆಳೆದಿದ್ದರು ಎಂಬುದನ್ನು ತೋರಿಸುತ್ತದೆ.

ನಾಯಕಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿದ್ದು ಬರಿಯ ಕನಿಕರಕ್ಕಲ್ಲ. ಗೊಂಬೆಯ ಕಥೆಗಳಿಗೆ ಹುಟ್ಟಿನಿಂದಲೇ ಒಂದು ತೊಡಕಿದೆ: ಎರಡೂವರೆ ಅಡಿಯ ಆಟಿಕೆಯನ್ನು ದೊಡ್ಡವರೊಬ್ಬರು ಕಾಲಿನಿಂದ ಒದ್ದರೆ ಮುಗಿಯಿತಲ್ಲ? ಮೊದಲ ಭಾಗಗಳಲ್ಲಿ ಬಲಿಪಶು ಮಗುವಾದ್ದರಿಂದ ಈ ಪ್ರಶ್ನೆ ಏಳಲಿಲ್ಲ. ಮಗು ದೊಡ್ಡದಾದಂತೆ ಎದ್ದಿತು; ಹಾಸ್ಯಕ್ಕೆ ಹೊರಳಲು ಇದೂ ಒಂದು ಕಾರಣ. ನೀಕಾ ಕುರ್ಚಿಯಿಂದ ಬಿದ್ದು ತೋಳಿನ ಬಲದಿಂದ ತೆವಳುವಾಗ ಅವಳ ಕಣ್ಣೂ ಗೊಂಬೆಯ ಕಣ್ಣೂ ಒಂದೇ ಎತ್ತರದಲ್ಲಿರುತ್ತವೆ. ಮನೆಯೊಳಗಿನ ಹಳೆಯ ಲಿಫ್ಟು, ಮೆಟ್ಟಿಲು, ಮಾಳಿಗೆ ಎಲ್ಲವೂ ಅವಳಿಗೆ ಅಡ್ಡಿ, ಚಕಿಗೆ ಅನುಕೂಲ. ಜಿಲ್ ಸಾವಿನೊಂದಿಗೆ ವಿದ್ಯುತ್ ಹೋದ ಮೇಲೆ ಲಿಫ್ಟೂ ಇಲ್ಲ. ನೀಕಾಳ ಪಾತ್ರದಲ್ಲಿ ಫಿಯೋನಾ ಡೂರಿಫ್, ಅಂದರೆ ಬ್ರ್ಯಾಡ್ ಡೂರಿಫ್ ಅವರ ಮಗಳು. ಮರುಕ ಬೇಡದ, ಚೂಪು ಬುದ್ಧಿಯ, ಹೆದರಿದರೂ ಕುಸಿಯದ ಹೆಣ್ಣಾಗಿ ಅವರು ಅಭಿನಯಿಸಿದ್ದಾರೆ. ಗೊಂಬೆಗೆ ದನಿ ಕೊಟ್ಟ ತಂದೆ, ಅದರೊಡನೆ ಹೋರಾಡುವ ಮಗಳು. ಚಿತ್ರದ ಉಳಿದೆಲ್ಲ ಕೊರತೆಗಳನ್ನು ಈ ಜೋಡಿ ತುಂಬಿಕೊಡುತ್ತದೆ.

ಬಿಡುಗಡೆಗೆ ಮುಂಚೆ ಹೊರಬಂದ ಸ್ಥಿರಚಿತ್ರಗಳಲ್ಲಿ ಗೊಂಬೆಯ ಮುಖ ನುಣುಪಾಗಿತ್ತು, ಹೊಲಿಗೆಯ ಗುರುತು ಒಂದೂ ಇರಲಿಲ್ಲ. ಹಳೆಯ ಐದು ಭಾಗಗಳನ್ನು ಮರೆತು ಕಥೆಯನ್ನು ಹೊಸದಾಗಿ ಶುರುಮಾಡಿದ್ದಾರೆ ಎಂದು ಅನೇಕರು ಭಾವಿಸಿದರು. ಚಿತ್ರದ ನಡುವೆ ಬಾರ್ಬ್ ಕತ್ತಲ ಮಾಳಿಗೆಯಲ್ಲಿ ಗೊಂಬೆಯ ಮುಖ ಮುಟ್ಟುತ್ತಾಳೆ. ಕೆನ್ನೆಯ ಮೇಲೆ ಏನೋ ಸಿಪ್ಪೆಯಂತೆ ಎದ್ದಿದೆ. ಉಗುರಿನಿಂದ ಎಳೆದರೆ ಬಣ್ಣದ ಪದರ ಸುಲಿದುಬರುತ್ತದೆ. ಅಡಿಯಲ್ಲಿ ‘ಬ್ರೈಡ್’ನ ಕಾಲದ ಹೊಲಿಗೆಗಳು. ಇದು ಹೊಸ ಗೊಂಬೆಯಲ್ಲ, ಎಲ್ಲವನ್ನೂ ಅನುಭವಿಸಿ ಬಂದ ಹಳೆಯ ಚಕಿಯೇ ಎಂಬುದು ಒಂದು ಮಾತಿಲ್ಲದೆ ತಿಳಿಯುತ್ತದೆ. ಸರಣಿಯ ಪೂರ್ತಿ ಚರಿತ್ರೆ ಆ ಮುಖದ ಮೇಲೆಯೇ ಬರೆದಿತ್ತು. ಇಂಥ ತಿರುವು ಗೊಂಬೆ ಕೈಗೆ ಸಿಗುವ ವಸ್ತುವಾಗಿದ್ದಾಗ ಮಾತ್ರ ಇಷ್ಟು ನಾಟುತ್ತದೆ. ಆ ಹೊತ್ತಿಗೆ ಕಂಪ್ಯೂಟರಿನಲ್ಲೇ ಇಡೀ ಪಾತ್ರಗಳನ್ನು ಸೃಷ್ಟಿಸುವುದು ಮಾಮೂಲಾಗಿದ್ದರೂ, ಗಾರ್ಡ್ನರ್ ತಂಡ ಗೊಂಬೆಯನ್ನೇ ಕಟ್ಟಿ ಆಡಿಸಿತು. ಕಂಪ್ಯೂಟರ್ ಮುಖ್ಯವಾಗಿ ನೆರವಾದದ್ದು ಕೋಲು, ತಂತಿಗಳ ಗುರುತು ಅಳಿಸಲು. ಹಿಂದೆ ಹಲಗೆಯ ಕೆಳಗೆ ಅಡಗಬೇಕಿದ್ದವರು ಈಗ ಗೊಂಬೆಯ ಪಕ್ಕದಲ್ಲೇ ನಿಲ್ಲಬಹುದಿತ್ತು.

ಕಥೆಯ ಗಂಟು ಬಿಚ್ಚುವುದು ಹಿಂದಿನ ಕಾಲದ ಒಂದು ದೃಶ್ಯದಲ್ಲಿ. ಚಾರ್ಲ್ಸ್ ಲೀ ರೇ ಈ ಮನೆತನದ ಪರಿಚಿತ. ನೀಕಾಳ ತಾಯಿಯ ಮೇಲೆ ಹುಚ್ಚು ವ್ಯಾಮೋಹ ಬೆಳೆಸಿಕೊಂಡು, ತುಂಬು ಗರ್ಭಿಣಿಯನ್ನು ಅಪಹರಿಸಿ, ಅವಳು ಪೊಲೀಸರನ್ನು ಕರೆಸಿದಳೆಂದು ಹೊಟ್ಟೆಗೆ ಇರಿದಿದ್ದ. ನೀಕಾಳ ಕಾಲು ಹೋದದ್ದು ಆ ಇರಿತದಿಂದ. ಅಲ್ಲಿಂದ ಓಡಿದವನೇ 1988ರ ಚಿತ್ರದ ಆರಂಭದಲ್ಲಿ ಆಟಿಕೆ ಅಂಗಡಿ ಹೊಕ್ಕದ್ದು. ಡೂರಿಫ್ ಉದ್ದ ಕೂದಲಿನ ಟೋಪನ್ ಹಾಕಿ, 25 ವರ್ಷದ ನಂತರ, ಅದೇ ಪಾತ್ರವನ್ನು ಮತ್ತೆ ಮೈಯಾರೆ ಅಭಿನಯಿಸಿದರು. ಕಾಲದ ಲೆಕ್ಕ ಇಲ್ಲಿ ಕೊಂಚ ಎಳೆದಾಡಿದಂತಿದೆ, ನಿಜ. ಆದರೆ ಆರನೆಯ ಭಾಗದ ಕೊನೆಯನ್ನು ಮೊದಲ ಭಾಗದ ಮೊದಲ ನಿಮಿಷಕ್ಕೆ ಕಟ್ಟಿದ ಕುಶಲತೆ ಮೆಚ್ಚುವಂಥದ್ದು.

ಚಿತ್ರದ ಅಂತ್ಯದಲ್ಲಿ ಎಲ್ಲ ಕೊಲೆಗಳ ಆರೋಪ ನೀಕಾಳ ಮೇಲೆ ಬಂದು, ಅವಳನ್ನು ಮಾನಸಿಕ ರೋಗಿಯೆಂದು ಆಸ್ಪತ್ರೆಗೆ ಕಳುಹಿಸಲಾಗುತ್ತದೆ. ಟಿಫನಿಯಾಗಿ ಟಿಲ್ಲಿ ಕಾಣಿಸಿಕೊಳ್ಳುತ್ತಾರೆ. ಹೆಸರುಗಳೆಲ್ಲ ಮುಗಿದ ಮೇಲೆ ಇನ್ನೊಂದು ತುಣುಕಿದೆ: ಗೊಂಬೆ ಮತ್ತೊಂದು ಪಾರ್ಸಲ್ಲಿನಲ್ಲಿ ಬೆಳೆದ ಆಂಡಿಯ ಮನೆಗೆ ಬರುತ್ತದೆ, ಪೆಟ್ಟಿಗೆ ಹರಿದು ಹೊರಬಂದರೆ ಎದುರಿಗೆ ಬಂದೂಕಿನ ನಳಿಗೆ. ಆಂಡಿಯಾಗಿ ನಿಂತಿರುವುದು ಮೊದಲ ಚಿತ್ರದಲ್ಲಿ ಪುಟ್ಟ ಹುಡುಗನಾಗಿದ್ದ ಅಲೆಕ್ಸ್ ವಿನ್ಸೆಂಟ್ ಅವರೇ. ಡಿಸ್ಕಿಗೆಂದು ತೆಗೆದ ಚಿತ್ರಕ್ಕೆ ವಿಮರ್ಶಕರಿಂದ ಬಂದ ಒಳ್ಳೆಯ ಮಾತುಗಳು ಹಿಂದಿನ ಭಾಗಕ್ಕೆ ಬಂದುದಕ್ಕಿಂತ ಹೆಚ್ಚು.

ನಾಲ್ಕು ವರ್ಷದ ನಂತರ ಮತ್ತೆ ವಿನ್ನಿಪೆಗ್‌ನಲ್ಲಿ, ಚಳಿಗಾಲದ ಹಿಮದ ನಡುವೆ, ಏಳನೆಯ ಭಾಗ ‘ಕಲ್ಟ್ ಆಫ್ ಚಕಿ’ ತಯಾರಾಯಿತು. 2017ರ ಆಗಸ್ಟ್‌ನಲ್ಲಿ ಲಂಡನ್ನಿನ ಫ್ರೈಟ್‌ಫೆಸ್ಟ್ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅಕ್ಟೋಬರ್ 3ರಂದು ಡಿಸ್ಕಿನಲ್ಲೂ ನೆಟ್‌ಫ್ಲಿಕ್ಸ್‌ನಲ್ಲೂ ಒಟ್ಟಿಗೆ ಬಂತು. ಡಿಸ್ಕು ಮಾರುವ ಕಾಲ ಇಳಿಯುತ್ತಿತ್ತು. ಕಥೆ ನಡೆಯುವುದು ನೀಕಾ ಇರುವ ಬಿಳಿ ಗೋಡೆಗಳ ಮಾನಸಿಕ ಆಸ್ಪತ್ರೆಯಲ್ಲಿ. ಚಿಕಿತ್ಸೆಗೆಂದು ವೈದ್ಯ ತಂದ ಗೊಂಬೆ, ಬೇರೆಯವರು ತಂದ ಗೊಂಬೆ, ಹೀಗೆ ಒಂದಕ್ಕಿಂತ ಹೆಚ್ಚು ಚಕಿಗಳಲ್ಲಿ ಒಂದೇ ಆತ್ಮ ಹಂಚಿಹೋಗುತ್ತದೆ. ಒಂದೇ ಚೌಕಟ್ಟಿನಲ್ಲಿ ಮೂರು ಗೊಂಬೆಗಳು ಪರಸ್ಪರ ಮಾತಾಡಬೇಕೆಂದರೆ ಗೊಂಬೆಯಾಡಿಸುವವರ ಕೆಲಸವೂ ಮೂರು ಪಟ್ಟು. ಗುರುತು ಹಿಡಿಯಲೆಂದು ಒಂದಕ್ಕೆ ಕೂದಲು ಸಣ್ಣಗೆ ಕತ್ತರಿಸಲಾಗಿತ್ತು, ಇನ್ನೊಂದಕ್ಕೆ ಒಂದು ಕೈ ಇರಲಿಲ್ಲ. ಡೂರಿಫ್ ತಮ್ಮೊಡನೆ ತಾವೇ ಸಂಭಾಷಿಸಿದರು. ಚಕಿ ಕೊನೆಗೆ ನೀಕಾಳ ಮೈಯನ್ನೇ ಹೊಗುತ್ತದೆ. ಅವಳು ಎದ್ದು ನಡೆದುಕೊಂಡು ಹೊರಹೋಗುತ್ತಾಳೆ. ತಂದೆಯ ಮಾತಿನ ಧಾಟಿ, ನಗೆ, ನಡಿಗೆಗಳನ್ನು ಮಗಳು ತನ್ನ ಮೈಮೇಲೆ ತಂದುಕೊಂಡ ಆ ಕೆಲವು ನಿಮಿಷಗಳು ಚಿತ್ರದ ಉಳಿದ ಗೊಂದಲವನ್ನು ಮರೆಸುತ್ತವೆ.

ಹಕ್ಕುಗಳ ಹಳೆಯ ಹಂಚಿಕೆ ಫಲ ಕೊಟ್ಟದ್ದು 2019ರಲ್ಲಿ. ಮೊದಲ ಚಿತ್ರದ ಹಕ್ಕು ಹೊಂದಿದ್ದ ಎಂಜಿಎಂ ಬಳಗ ಲಾರ್ಸ್ ಕ್ಲೆವ್ಬರ್ಗ್ ನಿರ್ದೇಶನದಲ್ಲಿ ‘ಚೈಲ್ಡ್ಸ್ ಪ್ಲೇ’ಯನ್ನು ಮರುನಿರ್ಮಿಸಿತು. ಮ್ಯಾನ್ಸಿನಿಗೂ ಡೂರಿಫ್‌ಗೂ ಅದರಲ್ಲಿ ಪಾತ್ರವಿರಲಿಲ್ಲ. ದನಿ ಮಾರ್ಕ್ ಹ್ಯಾಮಿಲ್ ಅವರದು. ಆತ್ಮ, ಮಂತ್ರಗಳನ್ನು ಬಿಟ್ಟು, ಮನೆಯ ಉಪಕರಣಗಳಿಗೆಲ್ಲ ಜೋಡಿಸಿಕೊಳ್ಳುವ ಕೃತಕ ಬುದ್ಧಿಮತ್ತೆಯ ಗೊಂಬೆ ಕೆಟ್ಟುಹೋಗುವ ಕಥೆ ಅದು. ಯೂನಿವರ್ಸಲ್ ಕಡೆಯ ಚಕಿ 2021ರ ಅಕ್ಟೋಬರ್‌ನಿಂದ ಸೈಫೈ ಮತ್ತು ಯುಎಸ್ಎ ವಾಹಿನಿಗಳಲ್ಲಿ ‘ಚಕಿ’ ಎಂಬ ಟಿವಿ ಸರಣಿಯಾಗಿ ಮುಂದುವರಿಯಿತು. ಮ್ಯಾನ್ಸಿನಿ, ಡೂರಿಫ್, ಗಾರ್ಡ್ನರ್ ಎಲ್ಲರೂ ಅಲ್ಲಿದ್ದರು. ಆಂಡಿಯಾಗಿ ವಿನ್ಸೆಂಟ್, ಟಿಫನಿಯಾಗಿ ಟಿಲ್ಲಿ ಮರಳಿದರು. ಫಿಯೋನಾ ನೀಕಾಳಾಗಿ ಮಾತ್ರವಲ್ಲ, ಹಿಂದಿನ ಕಾಲದ ದೃಶ್ಯಗಳಲ್ಲಿ ತಂದೆಯ ಪಾತ್ರವಾದ ಯುವಕ ಚಾರ್ಲ್ಸ್ ಲೀ ರೇ ಆಗಿಯೂ ನಟಿಸಿದರು. ಮೂರು ಆವೃತ್ತಿಗಳಲ್ಲಿ 24 ಕಂತುಗಳು ಪ್ರಸಾರವಾದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ, ವಾಹಿನಿಗಳು ಸರಣಿಯನ್ನು ನಿಲ್ಲಿಸಿದವು.